ಲೇಖಕರ ಆತ್ಮಕಥೆ ಓದಿದರೆ ಬರೆಯೋದು ಬರುತ್ತಾ?

ಕಥೆ ಬರೆಯೋ ಆಸೆ, ಆದರೆ ಎರಡು ಪುಟ ದಾಟುತ್ತಿಲ್ಲ. ಲೇಖಕರ ಆತ್ಮಕಥೆ ಓದಿದರೆ ಕಲಿಯಬಹುದಾ, ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಬರೆಯೋದಂತೂ ಬರಲ್ಲ. ಆದರೂ ಓದಿ.

ನನ್ನ ಮನೆ ಧಾರವಾಡ, ಕೆಲಸ ಹುಬ್ಬಳ್ಳಿ. ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ ಹತ್ತಿ, ಸೀಟು ಸಿಕ್ಕ ದಿನ ಪುಸ್ತಕ ತೆಗೆಯುತ್ತೇನೆ. ಹಾಗೆ ಮುಗಿಸಿದ್ದು ನಾಟಕಕಾರ ಗಿರೀಶ ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’. 2011ರಲ್ಲಿ ನಮ್ಮೂರಿನ ಮನೋಹರ ಗ್ರಂಥಮಾಲೆಯೇ ತಂದಿದ್ದು. ನಿಮಗೂ ಅದನ್ನೇ ಮೊದಲು ಹೇಳುತ್ತೇನೆ. ಊರಿನ ಅಭಿಮಾನ ಸ್ವಲ್ಪ ಇದೆ ಅನ್ನಿ.

ಪುಸ್ತಕ ಒಬ್ಬ ಡಾಕ್ಟರಿಗೆ ಅರ್ಪಣೆ. ಕಾರ್ನಾಡರು ಹೊಟ್ಟೆಯಲ್ಲಿದ್ದಾಗ, ಈ ಮಗು ಬೇಡ ಅಂತ ತಾಯಿ ಪುಣೆಯಲ್ಲಿ ಆ ಡಾಕ್ಟರ ದವಾಖಾನೆಗೆ ಹೋಗಿದ್ದರಂತೆ. ಕಾದರು. ಡಾಕ್ಟರ್ ಬರಲಿಲ್ಲ. ಎದ್ದು ಬಂದರು. ನಾನಾಗಿದ್ದರೆ ಇದನ್ನು ನಾಲ್ಕು ಪುಟ ಎಳೆದು ಓದೋರ ಕಣ್ಣಲ್ಲಿ ನೀರು ತರಿಸಿಬಿಡುತ್ತಿದ್ದೆ. ಅವರು ಊಟಕ್ಕೆ ಕೂತಾಗ ಮಾತಾಡಿದ ಹಾಗೆ ಹೇಳಿ ಮುಗಿಸುತ್ತಾರೆ.

ಇನ್ನೊಂದು, ಆತ್ಮಕಥೆಯನ್ನು ಒಂಟಿಯಾಗಿ ಓದಬೇಡಿ. ಪಕ್ಕದಲ್ಲಿ ಆ ಲೇಖಕರದೇ ಒಂದು ಕೃತಿ ಇರಲಿ. ಇದರ ಜೊತೆ ‘ಯಯಾತಿ’ ಇಟ್ಟುಕೊಳ್ಳಿ. ಇಂಗ್ಲಿಷ್ ಕವಿ ಆಗಬೇಕು ಅಂತಿದ್ದ ಹುಡುಗ ಇಂಗ್ಲೆಂಡಿಗೆ ಹೊರಡುವ ಹೊತ್ತಿಗೆ ಬರೆದಿದ್ದು ನಾಟಕ, ಅದೂ ಕನ್ನಡದಲ್ಲಿ. ಅಪ್ಪನ ಮುಪ್ಪನ್ನು ಮಗ ಹೊರುವ ಕಥೆ. ವಿದೇಶಕ್ಕೆ ಹೋದ ಮಗ ವಾಪಸ್ ಬರುತ್ತಾನೋ ಇಲ್ಲವೋ ಅನ್ನೋ ಮನೆಯವರ ಆತಂಕ ಆ ನಾಟಕದೊಳಗೆ ನುಗ್ಗಿತ್ತು ಅಂತ ಅವರಿಗೇ ತಿಳಿದಿದ್ದು ಆಮೇಲೆ. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ ಜೊತೆ ಅವರ ಕಾದಂಬರಿ ‘ಗೃಹಭಂಗ’ ಓದಿದರೂ ಹಾಗೇ. ಕಾದಂಬರಿಯಲ್ಲಿ ಬರೋ ಪ್ಲೇಗು ಅವರ ಸ್ವಂತ ಮನೆಗೂ ಬಂದಿತ್ತು. ಆದರೆ ಎರಡರಲ್ಲಿ ಕಾದಂಬರಿಯೇ ನನ್ನನ್ನು ಜಾಸ್ತಿ ಕಾಡಿತು. ಯಾಕೆ ಅಂತ ಹುಡುಕುತ್ತಾ ಹೋದಾಗಲೇ ನಾಲ್ಕಕ್ಷರ ಕಲಿತಿದ್ದು.

ಶಿವರಾಮ ಕಾರಂತರ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಆಮೇಲೆ ನೋಡಿಕೊಳ್ಳಿ. ಅದನ್ನು ಓದುವಾಗ ನಮ್ಮ ಸೋಮಾರಿತನಕ್ಕೆ ನಾಚಿಕೆ ಆಗುತ್ತೆ, ಅಷ್ಟೇ.

ಒಂದು ಅಪಾಯವನ್ನೂ ಹೇಳಿಬಿಡುತ್ತೇನೆ. ಬರೆಯೋರ ಕಷ್ಟಸುಖ ಓದುತ್ತಾ ಹೋದರೆ ನಾವೂ ಏನೋ ಬರೆದ ಹಾಗೆ ಅನ್ನಿಸುತ್ತೆ. ಒಂದು ವರ್ಷ ಇಂಥವೇ ಎಂಟು ಪುಸ್ತಕ ಓದಿದೆ. ಅದರಲ್ಲೊಬ್ಬರು ನಸುಕಿಗೆ ಎದ್ದು ಬರೆಯುತ್ತಿದ್ದರು ಅಂತ ನಾನೂ ನಾಲ್ಕಕ್ಕೆ ಎದ್ದೆ. ಚಹಾ ಕುಡಿದೆ, ಮತ್ತೆ ಮಲಗಿದೆ. ಇನ್ನೂರು ಪುಟದ ನೋಟ್‌ಬುಕ್ ಬೇರೆ ತಂದಿದ್ದೆ. ಮೊದಲ ಪುಟದಲ್ಲಿ ದೊಡ್ಡದಾಗಿ ‘ಕಥೆ 1’ ಅಂತ ಬರೆದು ಕೆಳಗೆ ಗೆರೆ ಎಳೆದಿದ್ದೆ. ಮೊನ್ನೆ ತೆಗೆದು ನೋಡಿದರೆ ಗೆರೆಯ ಕೆಳಗೆ ಹೆಂಡತಿಯ ಅಕ್ಷರ: ಜೋಳ 5 ಕೆ.ಜಿ., ಗುರೆಳ್ಳು ಕಾಲು ಕೆ.ಜಿ., ಬೆಲ್ಲ.