ಬ್ಲ್ಯಾಕ್ ಟೀ ಸ್ಟ್ರಾಂಗ್ ಆಗ್ಬೇಕು, ಒಗರಾಗ್ಬಾರ್ದು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೆಳಗ್ಗೆ ಹಾಲಿಲ್ಲದೆ ಕುಡಿಯೋಣ ಅಂತ ಬ್ರೇಕ್‌ಫಾಸ್ಟ್ ಬ್ಲೆಂಡ್ (ಬೇರೆ ಬೇರೆ ಕಡೆಯ ಎಲೆ ಸೇರಿಸಿದ) ಟೀ ತಂದಿದೀನಿ. ಬೇಗ ಸೋಸಿದ್ರೆ ನೀರುನೀರು, ಸ್ಟ್ರಾಂಗ್ ಆಗ್ಲಿ ಅಂತ ಹತ್ತು ನಿಮಿಷ ಕುದಿಸಿದ್ರೆ ಒಗರೋ ಒಗರು, ಬಾಯೆಲ್ಲಾ ಒಣಗಿದಂಗಾಗುತ್ತೆ. ಏನ್ ಮಾಡ್ಲಿ?

ಉತ್ತರ: ಮೊದ್ಲು ಆ ಕುದಿಸೋದನ್ನ ಬಿಡಿ. ಸ್ಟ್ರಾಂಗ್ ಬೇಕಂದ್ರೆ ಟೀ ಎಲೆ ಜಾಸ್ತಿ ಮಾಡ್ಬೇಕು, ಹೊತ್ತು ಜಾಸ್ತಿ ಮಾಡೋದಲ್ಲ. ಬಿಸಿನೀರು ಬಿದ್ದ ತಕ್ಷಣ ಪರಿಮಳ, ಬಣ್ಣ, ಕೆಫೀನ್‌ನ ದೊಡ್ಡ ಪಾಲು ಮೊದಲ ಕೆಲವು ನಿಮಿಷದಲ್ಲೇ ಇಳಿದುಬಿಡುತ್ತೆ, ಆಮೇಲೂ ಬಿಡದೆ ಇಳೀತಾನೇ ಇರೋದು ಒಗರು ಕೊಡೋ ಪಾಲಿಫಿನಾಲ್‌ಗಳು, ಜೊತೆಗೆ ಕುದಿಸ್ತಾ ಹೋದಷ್ಟೂ ಪರಿಮಳ ಆವಿಯಲ್ಲಿ ಹಾರಿಹೋಗುತ್ತೆ, ಹಾಗಾಗಿ ಹತ್ತು ನಿಮಿಷ ಕಾದ್ರೆ ಸಿಗೋದು ಒಗರೇ.

200 ಮಿಲಿ ನೀರಿಗೆ 2ರಿಂದ 2.5 ಗ್ರಾಂ ಎಲೆ ಹಾಕಿ. ಚಮಚದ ಅಳತೆ ಇಲ್ಲಿ ಮೋಸ ಮಾಡುತ್ತೆ, ಯಾಕಂದ್ರೆ ಉದ್ದ ಎಲೆ ಚಮಚ ತುಂಬಿದ್ರೂ ತೂಕ ಬರಲ್ಲ, ಕಾಳುಕಾಳಾಗಿರೋ ಸಿಟಿಸಿ ಪುಡಿ ಸ್ವಲ್ಪ ಹಾಕಿದ್ರೂ ತೂಗುತ್ತೆ, ಅಡುಗೆಮನೆಯ ಸಣ್ಣ ತೂಕದ ಮಷಿನ್ ಇದ್ರೆ ಒಂದ್ಸಲ ತೂಗಿ ನೋಡ್ಕೊಳ್ಳಿ. ಪಾತ್ರೆ ಬೆಚ್ಚಗಾಗ್ಲಿ ಅಂತ ಅದಕ್ಕೆ ಸ್ವಲ್ಪ ಬಿಸಿನೀರು ಹಾಕಿ ಚೆಲ್ಲಿ, ಆಮೇಲೆ ಎಲೆ ಹಾಕಿ, ಚೆನ್ನಾಗಿ ಕುದಿ ಬಂದಿರೋ ನೀರು ಸುರಿದು ಮುಚ್ಚಳ ಮುಚ್ಚಿ. ಸಿಟಿಸಿ ಆದ್ರೆ 2ರಿಂದ 3 ನಿಮಿಷ, ಉದ್ದ ಎಲೆಯಾದ್ರೆ 3ರಿಂದ 5. ಮೂರನೇ ನಿಮಿಷಕ್ಕೆ ಒಂದು ಚಮಚ ತೆಗೆದು ರುಚಿ ನೋಡಿ, ನಿಮ್ಮ ನಾಲಿಗೆ ಸಾಕು ಅಂದಾಗ ಪೂರ್ತಿ ಸೋಸಿಬಿಡಿ, ಎರಡನೇ ಕಪ್ಪಿಗೆ ಅಂತ ಎಲೆ ಅದರಲ್ಲೇ ಬಿಟ್ರೆ ಅದು ಇನ್ನಷ್ಟು ಒಗರಾಗ್ತಾ ಕೂತಿರುತ್ತೆ. ಅಷ್ಟಾದ್ರೂ ತೆಳು ಅನ್ಸಿದ್ರೆ ನಾಳೆ ಅರ್ಧ ಗ್ರಾಂ ಏರಿಸಿ, ಟೈಮ್ ಹಾಗೇ ಇರ್ಲಿ.

ಟೀ ಟೇಸ್ಟರ್‌ಗಳು 6 ನಿಮಿಷ ನೆನೆಸ್ತಾರಲ್ಲ ಅಂತ ಕೆಲವರು ಕೇಳ್ತಾರೆ. ನಿಜ, 1980ರಲ್ಲಿ ಬಂದ ಐಎಸ್ಒ 3103 ಅನ್ನೋ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್‌ನಲ್ಲಿ 100 ಮಿಲಿಗೆ 2 ಗ್ರಾಂ, 6 ನಿಮಿಷ ಅಂತಾನೇ ಇದೆ. ಆದ್ರೆ ಅದು ಬೇರೆ ಬೇರೆ ಟೀಗಳನ್ನ ಒಂದೇ ಅಳತೆಯಲ್ಲಿ ಹೋಲಿಸಿ ನೋಡೋಕೆ ಇರೋದು, ಬೆಳಗ್ಗೆ ಖುಷಿಯಾಗಿ ಕುಡಿಯೋಕಲ್ಲ.

ಪ್ರಶ್ನೆ: ಬ್ಲೆಂಡ್ ಅಂದ್ರೆ ಕಲಬೆರಕೆ ತಾನೇ? ಒಂದೇ ತೋಟದ ಟೀ ಒಳ್ಳೇದಲ್ವಾ?

ಉತ್ತರ: ಕಲಬೆರಕೆ ಅಂತ ಕರೆದ್ರೆ ಬ್ಲೆಂಡ್ ಮಾಡೋರಿಗೆ ಅನ್ಯಾಯ ಆಗುತ್ತೆ. ಒಂದೇ ತೋಟದ ಎಲೆ ಮಳೆ, ಬಿಸಿಲು, ಕೊಯ್ಲಿನ ಕಾಲ ಬದಲಾದ ಹಾಗೆ ರುಚಿ ಬದಲಾಯಿಸುತ್ತೆ, ಪ್ರತಿದಿನ ಒಂದೇ ರುಚಿ ಬೇಕು ಅನ್ನೋರಿಗೆ ನಾಲ್ಕಾರು ಕಡೆಯ ಎಲೆ ಹದವಾಗಿ ಸೇರಿಸ್ಲೇಬೇಕು. ಬ್ರೇಕ್‌ಫಾಸ್ಟ್ ಬ್ಲೆಂಡ್‌ನಲ್ಲಿ ಸಾಮಾನ್ಯವಾಗಿ ಅಸ್ಸಾಂ, ಸಿಲೋನ್ (ಅಂದ್ರೆ ಶ್ರೀಲಂಕಾ), ಕೀನ್ಯಾ ಟೀ ಇರುತ್ತೆ. ಬಾಯಿ ತುಂಬೋ ಗಟ್ಟಿತನ, ಮೊಳಕೆ ಬರಿಸಿ ಹುರಿದ ಧಾನ್ಯದಂಥ ಆ ಮಾಲ್ಟ್ ಘಮ ಅಸ್ಸಾಂನದು, ಚುರುಕು ಸಿಲೋನ್‌ದು, ಹೊಳೆಯೋ ಕೆಂಪು ಬಣ್ಣಕ್ಕೆ ಕೀನ್ಯಾ. ಕೆಲವರು ಚೀನಾದ ಕೀಮುನ್ ಕೂಡ ಸೇರಿಸ್ತಾರೆ, ಅದರ ಮೃದುವಾದ ಘಮ ಹಾಲಿಲ್ಲದೆ ಕುಡಿದಾಗ್ಲೇ ಗೊತ್ತಾಗೋದು, ನನಗಂತೂ ಅದಿರೋ ಬ್ಲೆಂಡೇ ಇಷ್ಟ.

ಪ್ರಶ್ನೆ: ಟೀ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತೆ. ಪುಡಿ ಕೆಟ್ಟಿದೆಯಾ?

ಉತ್ತರ: ಇಲ್ಲ, ಅದು ಗಡಸು ನೀರಿನ ಕೆಲಸ. ನೀರಲ್ಲಿರೋ ಕ್ಯಾಲ್ಸಿಯಂ, ಟೀಯ ಪಾಲಿಫಿನಾಲ್, ಗಾಳಿಯ ಆಕ್ಸಿಜನ್ ಎಲ್ಲಾ ಸೇರಿ ಆ ಪೊರೆ ಆಗುತ್ತೆ. ಗಡಸುತನ ಕಮ್ಮಿ ಮಾಡೋ ಫಿಲ್ಟರ್ ನೀರು ಬಳಸಿ, ಇಲ್ಲಾಂದ್ರೆ ನಾಲ್ಕು ಹನಿ ನಿಂಬೆರಸ ಹಿಂಡಿ. ನಿಂಬೆ ಬಿದ್ರೆ ಬಣ್ಣ ತಿಳಿಯಾಗುತ್ತೆ, ಗಾಬರಿ ಬೇಡ, ಹುಳಿಗೆ ಟೀಯ ಬಣ್ಣ ಹಾಗೆ ಬದಲಾಗೋದು ಸಹಜ.

ಪ್ರಶ್ನೆ: ರಕ್ತಹೀನತೆಗೆ ಐರನ್ ಮಾತ್ರೆ ತಗೋತಿದೀನಿ, ಬೆಳಗಿನ ಟೀ ಬಿಡ್ಬೇಕಾ?

ಉತ್ತರ: ಬಿಡ್ಬೇಕಾಗಿಲ್ಲ, ಆದ್ರೆ ಮಾತ್ರೆ ಜೊತೆಗೂ ಬೇಡ, ಊಟ ತಿಂಡಿ ಜೊತೆಗೂ ಬೇಡ. ಟೀಯ ಪಾಲಿಫಿನಾಲ್ ಕಬ್ಬಿಣವನ್ನ ಹಿಡಿದಿಟ್ಕೊಂಡು ದೇಹಕ್ಕೆ ಸೇರೋಕೆ ಬಿಡಲ್ಲ. ಕನಿಷ್ಠ ಒಂದು ಗಂಟೆ ಅಂತರ ಇಡಿ, ನಿಮ್ಮ ಮಾತ್ರೆಗೆ ಎಷ್ಟು ಅಂತರ ಬೇಕು ಅನ್ನೋದನ್ನ ಡಾಕ್ಟರ್ ಹತ್ರ ಒಮ್ಮೆ ಕೇಳ್ಕೊಳ್ಳಿ.