ರಿಪೋರ್ಟ್ ನಾರ್ಮಲ್, ನೋವು ಮಾತ್ರ ಹಾಗೆಯೇ ಇದೆ

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ. ಸಂತೆಯ ದಿನ ಹೊರರೋಗಿಗಳ ಸಂಖ್ಯೆ ನೂರು ದಾಟುತ್ತದೆ. ಮೈಕೈ ನೋವು, ತಲೆಸುತ್ತು, ಎದೆಬಡಿತ, ನಿಶ್ಶಕ್ತಿ ಎಂದು ಅದೇ ಹೆಣ್ಣುಮಕ್ಕಳು ಮತ್ತೆ ಮತ್ತೆ ಬರುತ್ತಾರೆ. ರಕ್ತ ಪರೀಕ್ಷೆ, ಇಸಿಜಿ ಎಲ್ಲ ಸರಿಯಾಗಿಯೇ ಇರುತ್ತವೆ. ಬಿ ಕಾಂಪ್ಲೆಕ್ಸ್ ಬರೆದು ಕಳಿಸುತ್ತೇನೆ. ಕಳೆದ ವರ್ಷ ಹೊಟ್ಟೆಯುರಿ ಎಂದು ಹಲವು ಸಲ ತೋರಿಸಿಕೊಂಡು ಹೋಗಿದ್ದ ಯುವ ರೈತರೊಬ್ಬರು ವಿಷ ಸೇವಿಸಿದರು. ಸಕಾಲಕ್ಕೆ ಚಿಕಿತ್ಸೆ ದೊರೆತು ಬದುಕಿದರು. ತರಬೇತಿಯಲ್ಲಿ ಕೊಟ್ಟ ಪ್ರಶ್ನಾವಳಿಯನ್ನು ಎಲ್ಲರಿಗೂ ಕೇಳಲು ಸಮಯವಿಲ್ಲ. ಒಬ್ಬರಿಗೆ ಮೂರು ನಿಮಿಷವೂ ಸಿಗದ ಕಡೆ ಮನೋರೋಗವನ್ನು ಪತ್ತೆ ಮಾಡಲು ಸಾಧ್ಯವೇ?

ಉತ್ತರ: ಸಾಧ್ಯವಿದೆ. ಆದರೆ ಬಂದವರಿಗೆಲ್ಲ ಪ್ರಶ್ನಾವಳಿ ಹಿಡಿಯುವುದರಿಂದ ಅದು ಆಗುವುದಿಲ್ಲ. ಯಾರನ್ನು ಕೇಳಬೇಕು ಎಂದು ಆರಿಸಿಕೊಂಡು, ಅವರಿಗೆ ಎರಡು ಪ್ರಶ್ನೆಗಳನ್ನು ಸರಿಯಾಗಿ ಕೇಳಿ, ಉತ್ತರ ಬಂದ ಮೇಲೆ ಏನು ಮಾಡಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿದ್ದರೆ ಆಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 1970ರ ದಶಕದಲ್ಲಿ ಕೊಲಂಬಿಯಾ, ಸುಡಾನ್, ಫಿಲಿಪ್ಪೀನ್ಸ್ ಮತ್ತು ನಮ್ಮ ಹರಿಯಾಣದ ರಾಯ್‌ಪುರ್ ರಾಣಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಸಿದ ಅಧ್ಯಯನದ ಫಲಿತಾಂಶ 1980ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ 1,624 ರೋಗಿಗಳಲ್ಲಿ 225 ಮಂದಿಗೆ, ಅಂದರೆ ಶೇ 13.9ರಷ್ಟು ಜನರಿಗೆ, ಮಾನಸಿಕ ಕಾಯಿಲೆ ಇತ್ತು. ಅವರಲ್ಲಿ ಬಹುತೇಕರು ಕೇಂದ್ರಕ್ಕೆ ಬಂದದ್ದು ತಲೆನೋವು, ಹೊಟ್ಟೆನೋವು, ಕೆಮ್ಮು, ನಿಶ್ಶಕ್ತಿಯಂತಹ ದೈಹಿಕ ತೊಂದರೆಗಳನ್ನು ಹೇಳಿಕೊಂಡು; ಅಲ್ಲಿನ ಆರೋಗ್ಯ ಸಿಬ್ಬಂದಿ ಗುರುತಿಸಿದ್ದು ಮೂವರಲ್ಲಿ ಒಬ್ಬರನ್ನು ಮಾತ್ರ. ಮುಂದೆ 1990ರ ದಶಕದಲ್ಲಿ ಬೆಂಗಳೂರೂ ಸೇರಿದಂತೆ 14 ದೇಶಗಳ 15 ಕೇಂದ್ರಗಳಲ್ಲಿ ಅದೇ ಸಂಸ್ಥೆ ನಡೆಸಿದ ಮತ್ತೊಂದು ಅಧ್ಯಯನದಲ್ಲಿ ಸಾಮಾನ್ಯ ವೈದ್ಯರ ಬಳಿ ಬಂದವರ ಪೈಕಿ ಸುಮಾರು ಶೇ 24 ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಕಂಡುಬಂತು. ಶ್ರೀಮಂತ ದೇಶಗಳ ವೈದ್ಯರೂ ಇವರಲ್ಲಿ ಅನೇಕರನ್ನು ಗುರುತಿಸದೆ ಕಳಿಸುತ್ತಾರೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಬಡ ದೇಶಗಳ ನಿಜವಾದ ಕಷ್ಟ ಇರುವುದು ರೋಗಿಗಳ ದಟ್ಟಣೆಯಲ್ಲಿ, ಸಮಯದ ಅಭಾವದಲ್ಲಿ ಮತ್ತು ಮುಂದೆ ಕಳಿಸಲು ಮನೋವೈದ್ಯರೇ ಹತ್ತಿರದಲ್ಲಿ ಇಲ್ಲದಿರುವುದರಲ್ಲಿ.

ಒಬ್ಬನೇ ಮಾತನಾಡಿಕೊಳ್ಳುವ, ಊರು ಬಿಟ್ಟು ಅಲೆಯುವ ತೀವ್ರ ಮನೋರೋಗಿಯನ್ನು ಗುರುತಿಸಲು ವೈದ್ಯರೇ ಬೇಕಾಗಿಲ್ಲ. ಮನೆಯವರೇ ಗುರುತಿಸಿ, ತಡವಾಗಿಯಾದರೂ, ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಕಣ್ಣಿಗೆ ಬೀಳದೆ ಹೋಗುವುದು ಖಿನ್ನತೆ, ಆತಂಕ ಮತ್ತು ಕುಡಿತದ ಕಾಯಿಲೆಗಳು. ಇವುಗಳನ್ನು ಹೊತ್ತ ರೋಗಿ ತಾನು ಮನೋರೋಗಿ ಎಂದುಕೊಂಡಿರುವುದಿಲ್ಲ, ಆತನ ನೋವು ಸುಳ್ಳೂ ಆಗಿರುವುದಿಲ್ಲ. ಖಿನ್ನತೆಯಲ್ಲಿ ನಿದ್ರೆ, ಹಸಿವು, ಸ್ನಾಯುಗಳ ಬಿಗಿತ, ನೋವನ್ನು ತಾಳುವ ಶಕ್ತಿ ಎಲ್ಲವೂ ನಿಜವಾಗಿಯೇ ಏರುಪೇರಾಗುತ್ತವೆ. ಹಾಗಾಗಿ ‘ನಿಮಗೆ ಏನೂ ಆಗಿಲ್ಲ’ ಎಂಬ ಮಾತು ವೈದ್ಯಶಾಸ್ತ್ರದ ದೃಷ್ಟಿಯಿಂದಲೇ ತಪ್ಪು. ಅದನ್ನು ಕೇಳಿದ ರೋಗಿ ಮುಂದಿನ ವಾರ ಬೇರೊಬ್ಬ ವೈದ್ಯರಲ್ಲಿ ಹೋಗಿ ಸಲಾಯಿನ್ ಹಚ್ಚಿಸಿಕೊಳ್ಳುತ್ತಾನೆ.

ಯಾರನ್ನು ಕೇಳಬೇಕು? ಹೊಸ ಕಾರಣವಿಲ್ಲದೆ ಮೂರನೆಯ ಸಲ ಬಂದವರು. ದೇಹದ ಬೇರೆ ಬೇರೆ ಭಾಗಗಳ ಮೂರಕ್ಕಿಂತ ಹೆಚ್ಚು ತೊಂದರೆಗಳನ್ನು ಒಟ್ಟಿಗೆ ಹೇಳುವವರು. ಪ್ಲಾಸ್ಟಿಕ್ ಚೀಲದ ತುಂಬ ಹಳೆಯ ಚೀಟಿ, ಎಕ್ಸ್‌ರೇ ತಂದವರು. ನಿದ್ದೆಯ ಗುಳಿಗೆಯನ್ನು ಹೆಸರು ಹೇಳಿ ಕೇಳುವವರು. ಪರೀಕ್ಷೆಯಲ್ಲಿ ಸೋಂಕು ಕಾಣದಿದ್ದರೂ ಬಿಳಿಸೆರಗಿನ ದೂರು ನಿಲ್ಲದ ಮಹಿಳೆಯರು. ಧಾತು (ವೀರ್ಯ) ಹೋಗಿ ಶಕ್ತಿ ಕುಂದಿದೆ ಎಂದು ಹೆದರಿದ ಯುವಕರು. ಗುಳಿಗೆ ಸರಿಯಾಗಿ ನುಂಗಿದರೂ ಸಕ್ಕರೆ ಹತೋಟಿಗೆ ಬಾರದವರು. ಕ್ಷಯರೋಗದ ಚಿಕಿತ್ಸೆಯನ್ನು ನಡುವೆ ಬಿಟ್ಟವರು. ಇಷ್ಟು ಜನರನ್ನು ಆರಿಸಿಕೊಂಡರೆ ನೂರರಲ್ಲಿ ಹತ್ತು ಹದಿನೈದು ಮಂದಿ ಉಳಿಯುತ್ತಾರೆ. ಅವರಿಗೆ ಎರಡು ನಿಮಿಷ ಹೆಚ್ಚು ಕೊಡುವುದು ಸಂತೆಯ ದಿನವೂ ಅಸಾಧ್ಯವಲ್ಲ.

ಕೇಳಬೇಕಾದ ಪ್ರಶ್ನೆಗಳು ಎರಡು: ಕಳೆದ ಎರಡು ವಾರಗಳಲ್ಲಿ ಹೆಚ್ಚಿನ ದಿನಗಳು ಮನಸ್ಸು ಕುಗ್ಗಿತ್ತೇ, ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯೇ. ಆದರೆ ಇವನ್ನು ಪುಸ್ತಕದಲ್ಲಿರುವಂತೆ ಓದಿದರೆ ನಮ್ಮ ಭಾಗದಲ್ಲಿ ‘ಹಂಗೇನಿಲ್ರಿ’ ಎಂಬ ಉತ್ತರವೇ ಬರುತ್ತದೆ. ದೇಹದ ತೊಂದರೆಯನ್ನು ಪೂರ್ತಿ ಕೇಳಿ, ಬಿಪಿ ಪಟ್ಟಿ ಸುತ್ತುತ್ತಾ ನಿದ್ದೆಯಿಂದ ಆರಂಭಿಸಿದರೆ ದಾರಿ ತೆರೆಯುತ್ತದೆ.

‘ಅಕ್ಕಾರ, ನಿದ್ದಿ ಹೆಂಗ ಐತ್ರಿ? ನಸುಕಿನ್ಯಾಗ ಎಚ್ಚರಾದ್ರ ಮತ್ತ ಹತ್ತತೈತ್ರಿ?’

‘ಎಲ್ಲಿ ಹತ್ತತೈತ್ರಿ ಸಾಹೇಬ್ರ, ಮೂರಕ್ಕ ಎದ್ದು ಕುಂತಿರತೀನಿ.’

‘ಕೆಲಸದಾಗ, ಮಂದ್ಯಾಗ ಮೊದಲಿನಂಗ ಮನಸ ಹತ್ತತೈತ್ರಿ?’

‘ಯಾರ ಜೋಡಿ ಮಾತಾಡೂದೂ ಬ್ಯಾಡ ಅನಸ್ತೈತ್ರಿ. ಮೊಮ್ಮಗನ್ನ ಎತ್ಕೋಳಾಕೂ ಮನಸಾಗೂದಿಲ್ಲ.’

ಇಷ್ಟಾದರೆ ಪತ್ತೆಯ ಅರ್ಧ ಕೆಲಸ ಮುಗಿದಂತೆ. ಪಕ್ಕದಲ್ಲಿ ಅತ್ತೆಯೋ ಗಂಡನೋ ನಿಂತಿದ್ದರೆ ಈ ಮಾತು ಹೊರಬರುವುದಿಲ್ಲ. ಚೀಟಿ ಕೊಟ್ಟು ಅವರನ್ನು ಗುಳಿಗೆಯ ಕಿಟಕಿಗೆ ಕಳಿಸಿದರೆ, ಅಲ್ಲಿನ ಸಾಲಿನ ಉದ್ದವೇ ನಿಮಗೆ ಬೇಕಾದ ಸಮಯವನ್ನು ಒದಗಿಸುತ್ತದೆ. ಗಂಡಸರಾದರೆ ಕುಡಿತದ ಬಗ್ಗೆ ‘ಕುಡಿಯುತ್ತೀರಾ’ ಎಂದು ಕೇಳುವುದಕ್ಕಿಂತ ‘ವಾರದಲ್ಲಿ ಎಷ್ಟು ದಿನ’ ಎಂದು ಕೇಳುವುದು ಫಲಕಾರಿ.

ಇನ್ನು ಪ್ರಶ್ನಾವಳಿಯ ವಿಷಯ. ಖಿನ್ನತೆಗೆ ಬಳಸುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9ರಲ್ಲಿ ಗರಿಷ್ಠ ಅಂಕ 27, ಸಾಮಾನ್ಯವಾಗಿ 10 ಮತ್ತು ಅದಕ್ಕೂ ಹೆಚ್ಚು ಬಂದರೆ ಮುಂದಿನ ಪರಿಶೀಲನೆ ಬೇಕು. ಅಭಿವೃದ್ಧಿಶೀಲ ದೇಶಗಳಿಗೆಂದೇ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಎಸ್‌ಆರ್‌ಕ್ಯೂನಲ್ಲಿ ಹೌದು–ಇಲ್ಲ ಎಂದು ಉತ್ತರಿಸುವ 20 ಪ್ರಶ್ನೆಗಳಿವೆ. ಓದು ಬಾರದವರಿಗೆ ಸಿಬ್ಬಂದಿಯೇ ಓದಿ ಹೇಳಬಹುದು. ಇವೆಲ್ಲ ಸಾಣಿಗೆಗಳು, ರೋಗನಿರ್ಣಯ ಮಾಡಲಾರವು. ಲೆಕ್ಕ ಹಾಕಿ ನೋಡಿ: ನೂರು ರೋಗಿಗಳಲ್ಲಿ 15 ಮಂದಿಗೆ ಕಾಯಿಲೆ ಇದೆ, ಪ್ರಶ್ನಾವಳಿಯು ಕಾಯಿಲೆ ಇರುವವರಲ್ಲಿ ಶೇ 80 ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ 80 ಮಂದಿಯನ್ನು ಸರಿಯಾಗಿ ಬಿಡುತ್ತದೆ ಎಂದುಕೊಳ್ಳೋಣ. ಆಗ ನಿಜವಾದ ರೋಗಿಗಳು 12 ಮಂದಿ ಸಿಗುತ್ತಾರೆ, ಕಾಯಿಲೆ ಇಲ್ಲದ 17 ಮಂದಿಯೂ ಜೊತೆಗೆ ಸಿಕ್ಕಿಬೀಳುತ್ತಾರೆ. ಅದೇ ಪ್ರಶ್ನಾವಳಿಯನ್ನು, ಅರ್ಧದಷ್ಟು ಮಂದಿಗೆ ಕಾಯಿಲೆ ಇರಬಹುದಾದ ನೂರು ಮಂದಿಯನ್ನು ಆರಿಸಿ ಬಳಸಿದರೆ, ಸಿಕ್ಕ 50 ಮಂದಿಯಲ್ಲಿ 40 ಮಂದಿ ನಿಜವಾದ ರೋಗಿಗಳೇ ಆಗಿರುತ್ತಾರೆ. ಎಲ್ಲರಿಗೂ ತುಂಬಿಸಿ ಗುರಿ ಮುಟ್ಟಿದೆವೆಂದು ವರದಿ ಕಳಿಸುವ ಪದ್ಧತಿಯನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ದೇಹದ ಕಾಯಿಲೆಯನ್ನು ಮರೆಯಬಾರದು. ರಕ್ತಹೀನತೆ, ಥೈರಾಯ್ಡ್ ಕೊರತೆ, ಬಿ12 ಕೊರತೆ, ಸಕ್ಕರೆ ಕಾಯಿಲೆ ಇವು ಖಿನ್ನತೆಯಂತೆಯೇ ತೋರಬಹುದು. ಸ್ಟೆರಾಯ್ಡ್ ಗುಳಿಗೆಗಳೂ ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಕೂಡ ಕೆಲವರ ಮನಸ್ಸನ್ನು ಕದಡಬಲ್ಲವು. ಒಂದೆರಡು ದಿನಗಳಲ್ಲಿ ಹಠಾತ್ತನೆ ಶುರುವಾದ ಗೊಂದಲ, ಅದರಲ್ಲಿಯೂ ವೃದ್ಧರಲ್ಲಿ, ಬಹುಮಟ್ಟಿಗೆ ದೇಹದ ತುರ್ತುಸ್ಥಿತಿಯೇ ಆಗಿರುತ್ತದೆ. ಅಗತ್ಯದ ಪರೀಕ್ಷೆಗಳನ್ನು ಒಂದು ಸಲ ಸರಿಯಾಗಿ ಮಾಡಿಸಿ, ಆಮೇಲೆ ನಿಲ್ಲಿಸಬೇಕು. ಪ್ರತಿ ಭೇಟಿಗೂ ಹೊಸ ಪರೀಕ್ಷೆ ಬರೆದರೆ ಏನೋ ದೊಡ್ಡ ರೋಗವಿದೆ ಎಂಬ ರೋಗಿಯ ಭಯವನ್ನು ನಾವೇ ಬೆಳೆಸಿದಂತಾಗುತ್ತದೆ.

ನೀವು ಬರೆದ ಯುವ ರೈತರ ಸಂಗತಿಗೆ ಬರೋಣ. ಸಾಯುವ ಯೋಚನೆಯ ಬಗ್ಗೆ ಕೇಳಿದರೆ ಆ ಯೋಚನೆಯನ್ನು ತಲೆಯಲ್ಲಿ ಹಾಕಿದಂತಾಗುತ್ತದೆ ಎಂಬ ಅಂಜಿಕೆ ವೈದ್ಯರಲ್ಲಿಯೂ ಇದೆ, ಅದಕ್ಕೆ ಆಧಾರವಿಲ್ಲ. ಖಿನ್ನತೆಯ ಸುಳಿವು ಸಿಕ್ಕ ಪ್ರತಿಯೊಬ್ಬರಿಗೂ ‘ಜೀವಾನ ಬ್ಯಾಡ ಅನಸೇತೇನ್ರಿ?’ ಎಂದು ನೇರವಾಗಿ, ತಗ್ಗಿದ ದನಿಯಲ್ಲಿ ಕೇಳಬೇಕು. ಹೌದೆಂದರೆ, ಯಾವ ರೀತಿ ಎಂದು ಯೋಚಿಸಿದ್ದಾರೆಯೇ, ಈ ಹಿಂದೆ ಪ್ರಯತ್ನಿಸಿದ್ದರೇ ಎಂದು ತಿಳಿಯಬೇಕು. ಅಂಥವರನ್ನು ಒಂಟಿಯಾಗಿ ಮನೆಗೆ ಕಳಿಸಬಾರದು. ಮನೆಯಲ್ಲಿರುವ ಕೀಟನಾಶಕವನ್ನು ಬೇರೆಡೆಗೆ ಸಾಗಿಸುವಂತೆ ಕುಟುಂಬದವರಿಗೆ ಹೇಳಿ, ಅದೇ ದಿನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರೊಂದಿಗೆ ಮಾತನಾಡಬೇಕು. ಪೊಲೀಸ್ ಪ್ರಕರಣದ ಭಯದಿಂದ ಜನ ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ, ಶಿಕ್ಷಿಸಲು ಹೊರಡುವುದಿಲ್ಲ ಎಂದು ಅವರಿಗೆ ತಿಳಿಸಿ.

ಪತ್ತೆಯೊಂದೇ ಸಾಕಾಗುವುದಿಲ್ಲ ಎಂಬುದಕ್ಕೆ ನಮ್ಮ ನೆರೆಯ ಗೋವಾದ ಪ್ರಯೋಗವೇ ಸಾಕ್ಷಿ. 2010ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಪ್ರಶ್ನಾವಳಿಯ ಫಲಿತಾಂಶವನ್ನು ಎರಡೂ ಗುಂಪುಗಳ ವೈದ್ಯರಿಗೆ ತಿಳಿಸಲಾಗಿತ್ತು. ಒಂದು ಗುಂಪಿನಲ್ಲಿ ಮಾತ್ರ, ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ರೋಗಿಗಳ ಬೆನ್ನಿಗೆ ನಿಂತರು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಆರು ತಿಂಗಳ ನಂತರ ಅವರ ಗುಂಪಿನಲ್ಲಿ ಶೇ 65.9 ಮಂದಿ ಚೇತರಿಸಿಕೊಂಡಿದ್ದರು, ಇನ್ನೊಂದರಲ್ಲಿ ಶೇ 42.5 ಮಂದಿ. ನಮ್ಮ ರಾಜ್ಯದ ಅನುಭವ ಇದಕ್ಕಿಂತ ಹಳೆಯದು: 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ನೀಡಿ ನಡೆಸಿದ ಯೋಜನೆಯೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ನಿಮ್ಮ ಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯೊಬ್ಬರಿಗೆ ಒಂದು ರಿಜಿಸ್ಟರ್ ಕೊಡಿ. ಪತ್ತೆಯಾದವರ ಮುಂದಿನ ಭೇಟಿಯ ದಿನಾಂಕ ಅದರಲ್ಲಿರಲಿ. ಬಾರದವರಿಗೆ ಫೋನ್ ಹೋಗಲಿ. ನಿಮ್ಮಿಂದ ಸಾಧ್ಯವಾಗದವರನ್ನು ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುವ ಮಂಗಳವಾರದಂದು ತಾಲೂಕು ಆಸ್ಪತ್ರೆಗೆ ಕಳಿಸಿ. ಆತಂಕ ತಗ್ಗಿಸಿ ನಿದ್ದೆ ತರಿಸುವ ಅಲ್ಪ್ರಜೋಲಾಂ ಗುಳಿಗೆ ಬರೆದು ಸುಮ್ಮನಾಗುವ ರೂಢಿಯನ್ನು ಮಾತ್ರ ಬಿಡಬೇಕು. ಅದು ಖಿನ್ನತೆಯನ್ನು ವಾಸಿ ಮಾಡುವುದಿಲ್ಲ, ಕೆಲವು ವಾರಗಳಲ್ಲಿಯೇ ಚಟವಾಗಿ ಅಂಟಿಕೊಳ್ಳುತ್ತದೆ.

ಪ್ರಶ್ನೆ: ನಾನು ಖಾನಾಪುರ ತಾಲೂಕಿನ ಆಶಾ ಕಾರ್ಯಕರ್ತೆ. ಹೆರಿಗೆಯಾಗಿ ಒಂದು ತಿಂಗಳಾದ ಬಾಣಂತಿಯೊಬ್ಬಳು ಸದಾ ಅಳುತ್ತಿರುತ್ತಾಳೆ. ಗಾಳಿ ತಾಗಿದೆ ಎಂದು ಅತ್ತೆ ಹೇಳುತ್ತಾರೆ. ನಾನು ಏನು ಮಾಡಬೇಕು?

ಉತ್ತರ: ಹೆರಿಗೆಯಾದ ಮೊದಲ ಹತ್ತು ದಿನಗಳಲ್ಲಿ ಕಣ್ಣೀರು, ಸಿಡುಕು ಅನೇಕರಲ್ಲಿ ಕಾಣಿಸಿ ತಾನಾಗಿ ಹೋಗುತ್ತದೆ. ಎರಡು ವಾರ ಮೀರಿದರೆ ಖಿನ್ನತೆ ಇರಬಹುದೆಂದು ತಿಳಿಯಬೇಕು. ನೀವು ಹೇಗೂ 14, 21, 28 ಮತ್ತು 42ನೇ ದಿನ ಆ ಮನೆಗೆ ಹೋಗುತ್ತೀರಿ. ಕೂಸಿನ ತೂಕ ನೋಡಿದ ಮೇಲೆ, ಕೂಸು ಮಲಗಿದಾಗ ನಿನಗೂ ನಿದ್ದೆ ಬರುತ್ತದೆಯೇ ಎಂದು ತಾಯಿಯನ್ನು ಕೇಳಿ. ಅವಕಾಶವಿದ್ದರೂ ನಿದ್ದೆ ಬಾರದಿದ್ದರೆ, ಕೂಸಿನ ಮೇಲೆ ಮನಸ್ಸು ಹೋಗದಿದ್ದರೆ ಸಮುದಾಯ ಆರೋಗ್ಯ ಅಧಿಕಾರಿಗೆ ತಿಳಿಸಿ. ಮಾತು ತಾಳ ತಪ್ಪಿದರೆ, ಕೂಸಿನ ಬಗ್ಗೆ ವಿಚಿತ್ರ ಸಂಶಯಗಳನ್ನು ಆಡಿದರೆ, ಜ್ವರ ಅಥವಾ ಫಿಟ್ಸ್ ಜೊತೆಗೂಡಿದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಸೇರಿಸಬೇಕು. ರೋಗದ ಹೆಸರು ಹೇಳುವ ಹೊಣೆ ನಿಮ್ಮದಲ್ಲ. ಅತ್ತೆಯೊಂದಿಗೆ ಗಾಳಿಯ ವಿಷಯಕ್ಕೆ ವಾದಕ್ಕಿಳಿಯದೆ, ‘ನೀವು ಮಾಡೂದು ಮಾಡ್ರಿ, ಡಾಕ್ಟರ್‌ಗೂ ಒಮ್ಮೆ ತೋರಸೂಣು’ ಎಂದರೆ ಕೆಲಸ ಆಗುತ್ತದೆ.

ಪ್ರಶ್ನೆ: ನಮ್ಮ ತಾಯಿಗೆ 52 ವರ್ಷ. ಇಂಡಿಯಲ್ಲಿ, ವಿಜಯಪುರದಲ್ಲಿ, ಸೊಲ್ಲಾಪುರದಲ್ಲಿ ಎದೆಬಡಿತಕ್ಕೆಂದು ತೋರಿಸಿದ್ದೇವೆ. ಹೃದಯದಲ್ಲಿ ದೋಷವಿಲ್ಲ ಎಂದು ಹೇಳಿ ಈಗ ಮಾನಸಿಕ ವಿಭಾಗಕ್ಕೆ ಚೀಟಿ ಕೊಟ್ಟಿದ್ದಾರೆ. ‘ನನಗೇನು ಹುಚ್ಚ ಹಿಡದೈತೇನು’ ಎಂದು ತಾಯಿ ಹಟ ಹಿಡಿದಿದ್ದಾರೆ. ಹೋಗಲೇಬೇಕೇ?

ಉತ್ತರ: ಹೋಗಬೇಕು, ಹಳೆಯ ರಿಪೋರ್ಟುಗಳೊಂದಿಗೆ. ಥೈರಾಯ್ಡ್ ಪರೀಕ್ಷೆ ಆಗಿರದಿದ್ದರೆ ಮೊದಲು ಮಾಡಿಸಿ, ಏಕೆಂದರೆ ಥೈರಾಯ್ಡ್ ಹೆಚ್ಚಾದರೂ ಎದೆ ಬಡಿದುಕೊಳ್ಳುತ್ತದೆ. ಮುಟ್ಟು ನಿಲ್ಲುವ ವಯಸ್ಸಿನ ಏರುಪೇರನ್ನೂ ವೈದ್ಯರು ಗಮನಿಸುತ್ತಾರೆ. ಹುಚ್ಚು ಹಿಡಿದಿಲ್ಲ ಎಂದು ತಾಯಿಯೊಂದಿಗೆ ವಾದಿಸಬೇಡಿ. ಎದೆಬಡಿತಕ್ಕೂ ನಿದ್ದೆಗೂ ಔಷಧ ಕೊಡುವ ವೈದ್ಯರು ಅಲ್ಲಿದ್ದಾರೆ ಎಂದು ಹೇಳಿ, ಅದು ನಿಜವೂ ಹೌದು. ಅಲ್ಲಿಯವರೆಗೆ ಮಾತನಾಡಲು ಯಾರಾದರೂ ಬೇಕೆನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು; ಕನ್ನಡದಲ್ಲಿಯೇ ಉತ್ತರ ದೊರೆಯುತ್ತದೆ, ಶುಲ್ಕವಿಲ್ಲ. ಗುಳಿಗೆ ಆರಂಭಿಸಿದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಆಗಬಹುದು, ಅನೇಕರು ಗುಳಿಗೆ ಬಿಡುವುದು ಆಗಲೇ. ಗುಣವಾದ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಬೇಕು.