ಮುಟ್ಟು ನಿಲ್ಲುವ ಮುನ್ನಿನ ತೊಂದರೆಗಳಿಗೆ ಹಾರ್ಮೋನ್ ಚಿಕಿತ್ಸೆ ಸುರಕ್ಷಿತವೇ?

ವಯಸ್ಸು 46, ಮುಟ್ಟು ಏರುಪೇರಾಗಿದೆ, ನಡುರಾತ್ರಿ ಮೈಯೆಲ್ಲ ಬೆವೆತು ಎಚ್ಚರವಾಗುತ್ತದೆ, ಹಾರ್ಮೋನ್ ತೆಗೆದುಕೊಂಡರೆ ಕ್ಯಾನ್ಸರ್ ಬರುವುದೇ ಎಂದು ಕೇಳಿದ್ದೀರಿ.

ಈ ಹಂತದಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಒಂದೇ ಸಮನೆ ಇಳಿಯದೆ ಏರುತ್ತ ಇಳಿಯುತ್ತ ಇರುವುದರಿಂದ, ಒಂದು ದಿನದ ರಕ್ತಪರೀಕ್ಷೆಯಿಂದ ತಿಳಿಯುವುದು ಅತ್ಯಲ್ಪ. 45 ದಾಟಿದವರಲ್ಲಿ ಲಕ್ಷಣಗಳನ್ನು ಕೇಳಿಯೇ ವೈದ್ಯರು ನಿರ್ಧರಿಸುತ್ತಾರೆ. ಮೈ ಬಿಸಿಯೇರುವುದಕ್ಕೂ ರಾತ್ರಿಯ ಬೆವರಿಗೂ ಈಸ್ಟ್ರೋಜನ್‌ನಷ್ಟು ಪರಿಣಾಮಕಾರಿಯಾದ ಮದ್ದು ಬೇರೊಂದಿಲ್ಲ. ಆದರೆ ಗರ್ಭಕೋಶವಿರುವವರಿಗೆ ಅದೊಂದನ್ನೇ ಕೊಟ್ಟರೆ ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ದಾರಿಯಾಗಬಹುದಾದ್ದರಿಂದ ಜೊತೆಗೆ ಆ ಪದರವನ್ನು ಕಾಪಾಡುವ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಬೇಕೇ ಬೇಕು. ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಅಂಟಿಸುವ ಪ್ಯಾಚ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ.

ಕ್ಯಾನ್ಸರಿನ ಭಯ ಹರಡಿದ್ದು ಮುಖ್ಯವಾಗಿ 2002ರ ಅಮೆರಿಕದ ಅಧ್ಯಯನದಿಂದ. ಅದರಲ್ಲಿ ಎರಡೂ ಹಾರ್ಮೋನ್ ಪಡೆದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 8 ಸ್ತನ ಕ್ಯಾನ್ಸರ್ ಪ್ರಕರಣಗಳು ಹೆಚ್ಚಾಗಿ ಕಂಡವು. ಆದರೆ ಅವರ ಸರಾಸರಿ ವಯಸ್ಸು 63 ಎಂಬುದನ್ನು ಸುದ್ದಿ ಹಬ್ಬಿಸಿದವರು ಅಷ್ಟಾಗಿ ಹೇಳಲಿಲ್ಲ. 60ರೊಳಗಿನ ಆರೋಗ್ಯವಂತರಿಗೆ ಸಾಮಾನ್ಯವಾಗಿ ಲಾಭವೇ ಹೆಚ್ಚು.

ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ, ತೀವ್ರ ಯಕೃತ್ತಿನ ಕಾಯಿಲೆ ಇದ್ದವರಿಗೆ ಇದು ಸಾಮಾನ್ಯವಾಗಿ ಸಲ್ಲದು. ಕಾರಣ ತಿಳಿಯದ ರಕ್ತಸ್ರಾವವಿದ್ದರೆ ಮೊದಲು ಅದರ ತಪಾಸಣೆಯಾಗಬೇಕು. ಇನ್ನೊಂದು ಮಾತು: ಈ ಚಿಕಿತ್ಸೆ ಗರ್ಭನಿರೋಧಕವಲ್ಲ. ಲೆವೊನೊರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಇರುವ ವಂಕಿಯನ್ನು ಗರ್ಭಕೋಶದಲ್ಲಿ ಹಾಕಿಸಿಕೊಂಡರೆ ಗರ್ಭ ತಡೆಯುವುದರ ಜೊತೆಗೆ ಒಳಪದರವೂ ಕಾಪಾಡಲ್ಪಡುತ್ತದೆ, ಅತಿಸ್ರಾವವೂ ತಗ್ಗುತ್ತದೆ.